ಕಡಲಿಗಿಳಿಯುವವನಿಗೆ ಬಾವಿಯವರ ಬುದ್ಧಿವಾದ

ಮೊದಲು ಒಂದು ತಪ್ಪೊಪ್ಪಿಗೆ. ನಾನು ಮಾನ್ವಿಯ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಣದ ಮಾಸ್ತರ. ರಾಯಚೂರಿನ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಇಪ್ಪತ್ತೆಂಟು ವರ್ಷದಿಂದ ಪ್ರತಿ ಬೇಸಿಗೆ ರಜೆಯಲ್ಲೂ ದೇವದುರ್ಗ ತಾಲ್ಲೂಕಿನ ಮಸರಕಲ್ಲಿನಲ್ಲಿರುವ ನನ್ನ ಸೋದರಮಾವನ ಹೊಲದ ಬಾವಿಯಲ್ಲಿ ಮಕ್ಕಳಿಗೆ ಈಜು ಕಲಿಸುತ್ತ ಬಂದಿದ್ದೇನೆ. ನನಗೆ ಈಜು ಬರುವುದಿಲ್ಲ. ಹೌದು, ಸರಿಯಾಗಿಯೇ ಓದಿದಿರಿ. ಮಕ್ಕಳ ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ ನೀರಿಗೆ ಬಿಡುವವನು ಮಾವ, ಮುಳುಗಿದವರನ್ನು ಜುಟ್ಟು ಹಿಡಿದು ಎತ್ತುವವನೂ ಮಾವ. ನಾನು ನೀರಿಗಿಂತ ಮೂರು ಮೆಟ್ಟಿಲು ಮೇಲೆ ಬೂಟು ಸಮೇತ ನಿಂತು ಸೀಟಿ ಊದುತ್ತ, "ಕೈ ಬೀಸ್ರಿ! ಕಾಲ್ ಬಡೀರಿ! ದಮ್ಮು ಹಿಡೀರಿ!" ಎಂದು ಕೂಗುತ್ತಿದ್ದೆ. ಮಕ್ಕಳು ಕಲಿತರು. ಊರವರು ನನ್ನನ್ನು ಈಜು ಮಾಸ್ತರ ಎಂದು ಕರೆದರು. ಕರೆದದ್ದನ್ನು ತಿದ್ದುವುದು ಮರ್ಯಾದೆಯಲ್ಲ ಎಂದು ನಾನೂ ಸುಮ್ಮನಿದ್ದೆ.

ನಮ್ಮ ಕಡೆ ಇದೇನೂ ದೊಡ್ಡ ಅಪರಾಧವಲ್ಲ. ಮನೆಗೆ ಯಾರೇ ಬರಲಿ, ಮೊದಲು ಒಂದು ತಂಬಿಗೆ ನೀರು ಕೊಡುತ್ತೇವೆ, ಆಮೇಲೆ ಸಲಹೆ. ಬೇಸಿಗೆಯಲ್ಲಿ ನೀರಿಗೆ ತುಸು ಕೊರತೆಯಾಗಬಹುದು, ಸಲಹೆಗೆ ಯಾವ ಕಾಲದಲ್ಲೂ ಬರವಿಲ್ಲ. ಸಲಹೆ ಕೊಡಲು ಆ ವಿಷಯ ಗೊತ್ತಿರಬೇಕೆಂಬ ನಿಯಮವನ್ನು ನಮ್ಮ ಹಿರಿಯರು ಮಾಡಿಲ್ಲ. ಹಾಗೆ ಮಾಡಿದ್ದರೆ ನಮ್ಮ ಕಟ್ಟೆಗಳೆಲ್ಲ ಎಂದೋ ಖಾಲಿಯಾಗುತ್ತಿದ್ದವು. ನನ್ನ ಪಾಲಿಗೆ ಬಂದ ಕಷ್ಟ ಇಷ್ಟೇ: ಐವತ್ತಮೂರನೆಯ ವಯಸ್ಸಿನಲ್ಲಿ ನಾನು ಸಲಹೆ ಕೊಡುವ ಮೆಟ್ಟಿಲಿನಿಂದ ಇಳಿದು, ಸಲಹೆ ತೆಗೆದುಕೊಳ್ಳುವ ನೀರಿಗೆ ಕಾಲಿಡಬೇಕಾಯಿತು.

ಇದಕ್ಕೆ ಕಾರಣ ನನ್ನ ಒಬ್ಬಳೇ ಮಗಳು ನೀಲಾ. ಯರಗೇರಾದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದವಳು ಶೈಕ್ಷಣಿಕ ಪ್ರವಾಸಕ್ಕೆಂದು ಮುರುಡೇಶ್ವರದ ಕಡೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿದು ಬಂದಳು. ಸ್ಕೂಬಾ ಡೈವಿಂಗ್ ಎನ್ನುತ್ತಾರಲ್ಲ, ಅದು. ಬಂದವಳು ಮತ್ತೆ ಮೊದಲಿನಂತಾಗಲಿಲ್ಲ. ಪರೀಕ್ಷೆ ಮುಗಿದ ಮರುವಾರವೇ ಅಲ್ಲಿ ತರಬೇತಿಗೆ ಸೇರಿದಳು. ಇನ್ನೊಂದು ವರ್ಷ ಕಲಿತರೆ ತಾನೇ ಬೇರೆಯವರಿಗೆ ಕಲಿಸುವ ಗುರುವಾಗಬಹುದಂತೆ. ನನ್ನ ಹೆಂಡತಿ ಶರಣಮ್ಮ ಇದನ್ನು ಕೇಳಿ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು. "ನಮ್ಮ ಓಣ್ಯಾಗ ನಳದ ನೀರು ಯಾವಾಗ ಬರ್ತಾವಂತ ಕಾಯಕೋಂತ ಕುಂಡ್ರತೀವಿ, ಈಕಿಗೆ ಸಮುದ್ರನಾ ಬೇಕಂತ! ಸುಮ್ನ ಬಂದು ಬಿ.ಎಡ್. ಸೇರು ಅನ್ರಿ" ಎಂದಳು. ಆಮೇಲೆ ದನಿ ಇಳಿಸಿ, "ನೀರಾಗ ಇಳದ ಮಗಳು ಮ್ಯಾಲ ಬರೂತನಕ ನಾ ಇಲ್ಲಿ ಹ್ಯಾಂಗ ಕುಂಡ್ರಲಿ?" ಎಂದಳು. ನನ್ನ ಎದೆಯೂ ಅದನ್ನೇ ಕೇಳುತ್ತಿತ್ತು.

ತಾಯಿ ಮಗಳ ನಡುವೆ ಫೋನಿನಲ್ಲಿ ಎಂಟು ದಿನ ಯುದ್ಧ ನಡೆದು, ಕೊನೆಗೆ ಶರಣಮ್ಮ ಒಂದು ಷರತ್ತು ಹಾಕಿದಳು. "ಅಷ್ಟು ಸಲೀಸು ಇದ್ರ ನಿಮ್ಮಪ್ಪನ್ನ ಒಮ್ಮೆ ಇಳಸು. ಆ ಮನಷ್ಯಾ ಇಳದು, ಹೋದಂಗ ಮ್ಯಾಲ ಬಂದ್ರ ನಾ ಇನ್ನ ಮಾತಾಡೂದಿಲ್ಲ. ಬರಲಿಲ್ಲಂದ್ರ ನೀ ಬಿ.ಎಡ್. ಸೇರಬೇಕು." ನಾನು ಮೇಲೆ ಬರದಿದ್ದರೆ ಮಗಳು ಬಿ.ಎಡ್. ಸೇರುವುದಷ್ಟೇ ಅವಳಿಗೆ ಮುಖ್ಯವಾಗಿ ಕಂಡದ್ದು ನನಗೆ ಸ್ವಲ್ಪ ಬೇಸರ ತಂದಿತು. ಆದರೆ ಅವಳ ಲೆಕ್ಕಾಚಾರ ಬೇರೆ. ನಾನು ಇಳಿಯುವುದೇ ಇಲ್ಲ ಎಂದು ಅವಳಿಗೆ ಖಾತ್ರಿಯಿತ್ತು. ಫೋನಿನ ಸ್ಪೀಕರಿನಿಂದ ಮಗಳ ದನಿ ಬಂತು: "ಅಪ್ಪಾ, ಇಳೀತಿ ಹೌದಿಲ್ಲೋ?" ಈಜು ಮಾಸ್ತರ ಏನು ಹೇಳಬೇಕು? "ಅದೇನ್ ಮಹಾ!" ಎಂದುಬಿಟ್ಟೆ.

ಸುದ್ದಿ ಮರುದಿನವೇ ಮಾನ್ವಿ ಬಸ್ಸು ಹತ್ತಿತು. ನಮ್ಮ ಬಸ್ಸಿನ ಕಂಡಕ್ಟರ್ ಖಾಜಾಸಾಬ್ ಟಿಕೆಟ್ ಹರಿಯುವುದನ್ನು ಬಿಟ್ಟು ನನ್ನ ಪಕ್ಕದಲ್ಲೇ ಕುಳಿತ. "ಮಾಸ್ತರ್ ಸಾಬ್, ಒಂದ ಮಾತ್ ಕೇಳ್ರಿ. ಕೆಳಗ ಹೋದ ಮ್ಯಾಲ ಹೆದರಿಕಿ ಆತಂದ್ರ ನಾನ್ ಸ್ಟಾಪ್ ಬಸ್ಸಿನಂಗ ಭರ್ರಂತ ಮ್ಯಾಲ ಬಂದ್ಬಿಡ್ರಿ. ನಡುವ ಎಲ್ಲೂ ನಿಲ್ಲಬ್ಯಾಡ್ರಿ." ಅವನು ಸಮುದ್ರವನ್ನು ಕಂಡವನಲ್ಲ. ಆದರೂ ಹೇಳಿದ ರೀತಿಯಲ್ಲಿ ಎಂಥ ಭರವಸೆಯಿತ್ತೆಂದರೆ, ನಾನು ಅದನ್ನು ಮನಸ್ಸಿನಲ್ಲಿ ಬರೆದುಕೊಂಡೆ. ಮುಂದಿನ ಸೀಟಿನಲ್ಲಿದ್ದವರು ಮಾನ್ವಿಯಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಪಂಪಾಪತಿ ಸಾಹುಕಾರರು. ಅವರ ಕಾರು ವಾರದಲ್ಲಿ ನಾಲ್ಕು ದಿನ ರಿಪೇರಿಯಲ್ಲಿರುತ್ತದೆ. ಅವರು ನನ್ನನ್ನು ತಕ್ಕಡಿಯಲ್ಲಿಟ್ಟಂತೆ ನೋಡಿ, "ಮಾಸ್ತರ್ರ, ನೀವು ಕಡ್ಡಿ ಆಗೀರಿ. ನೀವು ಮುಳುಗೂದಾ ಇಲ್ಲ ನೋಡ್ರಿ. ಖಾಲಿ ಚೀಲ ನೀರಾಗ ತೇಲತದ, ಭತ್ತ ತುಂಬಿದ ಚೀಲ ಸೀದಾ ತಳಕ್ಕ ಕುಂಡ್ರತದ. ಹೊಟ್ಟಿ ತುಂಬ ಉಂಡು ಇಳೀರಿ. ಸೊಂಟಕ್ಕ ಸೀಸದ ಗುಂಡು ಕಟ್ತಾರಂತಲ್ಲ, ಇನ್ನೆರಡು ಜಾಸ್ತಿನಾ ಕಟ್ರಿ ಅನ್ರಿ" ಎಂದರು. ಮೂವತ್ತು ವರ್ಷ ಭತ್ತದ ಚೀಲದೊಂದಿಗೆ ಬಾಳಿದವರ ಮಾತು. ಅದನ್ನೂ ಬರೆದುಕೊಂಡೆ.

ಇವರೆಲ್ಲ ಚಿಲ್ಲರೆ ಗುರುಗಳು. ಮಹಾಗುರು ಎಂದರೆ ನನ್ನ ಸೋದರಮಾವ ಹುಲಿಗೆಪ್ಪ. ದೇವದುರ್ಗದ ಸುತ್ತಮುತ್ತ ಯಾರ ಬಾವಿಯಲ್ಲಿ ಕೊಡ ಬೀಳಲಿ, ಪೈಪು ಕಳಚಲಿ, ಮೋಟರು ಜಾರಲಿ, ಮೊದಲು ಹೋಗುವ ಕರೆ ಮಾವನಿಗೆ. ಎಪ್ಪತ್ತು ದಾಟಿದರೂ ಲಂಗೋಟಿ ಬಿಗಿದು ಮುಳುಗಿದನೆಂದರೆ, ದಂಡೆಯಲ್ಲಿ ನಿಂತವರು ಒಂದು ಬೀಡಿ ಸೇದಿ ಮುಗಿಸುವ ಹೊತ್ತಿಗೆ ವಸ್ತುವಿನೊಂದಿಗೆ ಮೇಲೆ ಬರುತ್ತಾನೆ. ಭಾನುವಾರ ಮಸರಕಲ್ಲಿಗೆ ಹೋಗಿ ಕಾಲಿಗೆ ನಮಸ್ಕರಿಸಿ ವಿಷಯ ಹೇಳಿದೆ. ಮಾವ ಮೀಸೆ ತೀಡಿದ. "ಲೇ ಅಮರೇಶಾ, ನೀರಂದ್ರ ದಮ್ಮಿನ ಆಟ. ದಮ್ಮು ಹಿಡದವ ಮುಳುಗಿದ್ದನ್ನ ತರ್ತಾನ, ದಮ್ಮು ಬಿಟ್ಟವ ತಾನಾ ಮುಳುಗತಾನ."

"ಬೆನ್ನಿಗೆ ಗಾಳಿ ಡಬ್ಬಿ ಇರ್ತದ ಮಾವ."

"ಡಬ್ಬಿ ಮ್ಯಾಲ ಭರೋಸಾ ಇಡಬ್ಯಾಡಲೇ. ಅದರಾಗಿನ ಗಾಳಿ ಉಳಿಸ್ಕೋ. ಒಮ್ಮೆ ಎಳಕೋ, ದಮ್ಮು ಹಿಡದು ತಿರುಗಾಡು, ತಡಕೊಳ್ಳಾಕ ಆಗದಾಗ ಇನ್ನೊಮ್ಮೆ ಎಳಕೋ. ದಿನಾ ಹಂಡ್ಯಾಗ ತಲಿ ಮುಳುಗಿಸಿ ನೂರು ಎಣಸು."

ಅಂದಿನಿಂದ ಬೆಳಿಗ್ಗೆ ಐದೂವರೆಗೆ ಬಚ್ಚಲಿನ ಹಂಡೆಯಲ್ಲಿ ನನ್ನ ತಲೆ. ಮೊದಲ ದಿನ ಹನ್ನೊಂದಕ್ಕೆ ಸೋತೆ. ವಾರದ ಕೊನೆಗೆ ಮೂವತ್ತಕ್ಕೆ ಬಂದೆ. ಹಂಡೆ ಸಾಲದೆಂದು ಬಸ್ಸಿನಲ್ಲಿಯೂ ಅಭ್ಯಾಸ ಶುರುವಾಯಿತು: ಒಂದು ಸ್ಟಾಪು ಬಿಟ್ಟ ಕೂಡಲೇ ಉಸಿರು ಹಿಡಿಯುವುದು, ಸಾಧ್ಯವಾದಷ್ಟು ದೂರ ಬಿಡದಿರುವುದು. ಒಂದು ದಿನ ನಲವತ್ತು ದಾಟಿ ಉತ್ಸಾಹದಲ್ಲಿದ್ದೆ. ಮುಖ ಕೆಂಪಾಗಿ ಕಣ್ಣುಗುಡ್ಡೆ ಹೊರಬಂದದ್ದು ನನಗೆ ಕಾಣುವುದಿಲ್ಲವಲ್ಲ, ಖಾಜಾಸಾಬನಿಗೆ ಕಂಡಿತು. "ಅರೇ, ಮಾಸ್ತರ್ ಸಾಬ್‌ಗೆ ಅಟ್ಯಾಕ್ ಆಗ್ಯಾದ! ಗಾಳಿ ಬಿಡ್ರೀ!" ಎಂದು ಸೀಟಿ ಊದಿ ಬಸ್ಸು ನಿಲ್ಲಿಸಿದ. ಐವತ್ತಾಗದೆ ಬಾಯಿ ಬಿಡಬಾರದೆಂಬ ಹಟದಲ್ಲಿ ನಾನು, ಇನ್ನೊಂದೇ ಕ್ಷಣ ಎಂದು ತಿಳಿಸಲು ಒಂದು ಬೆರಳನ್ನು ಮೇಲೆತ್ತಿದೆ. ಮೇಲಿನವನ ಕಡೆ ಹೊರಟಿದ್ದೇನೆಂದುಕೊಂಡು ಹಿಂದಿನ ಸೀಟಿನ ಅಜ್ಜಿಯೊಬ್ಬಳು "ಯಪ್ಪಾ ಶಿವನೇ" ಎಂದು ಅಳತೊಡಗಿದಳು. ಯಾರೋ ಬಾಟಲಿಯ ನೀರನ್ನೆಲ್ಲ ನನ್ನ ನೆತ್ತಿಗೆ ಸುರಿದರು. ನಲವತ್ತೆಂಟಕ್ಕೆ ಉಸಿರು ಬಿಟ್ಟೆ. ಆ ಎರಡು ಅಂಕಿಗಳ ಕೊರಗು ನನಗೆ ಇಂದಿಗೂ ಇದೆ.

ಇತ್ತ ಮಗಳು ದಿನಾ ಫೋನು ಮಾಡುತ್ತಿದ್ದಳು. "ಅಪ್ಪಾ, ಉಳದಿದ್ದೆಲ್ಲ ಮರ್ತರೂ ಚಿಂತಿಲ್ಲ. ಒಂದ ಮಾತ್ ನೆನಪಿಡು. ನೀರಾಗ ಉಸಿರು ಹಿಡೀಬಾರ್ದು. ಸುಮ್ನ ಉಸಿರಾಡಕೋಂತ ಇರಬೇಕು." ನಾನು ಹೂಂ ಎಂದು ಒಳಗೊಳಗೇ ನಕ್ಕೆ. ನಿನ್ನೆ ಮೊನ್ನೆ ನೀರಿಗಿಳಿದ ಹುಡುಗಿ, ಹುಲಿಗೆಪ್ಪ ಮಾವನಿಗಿಂತ ಹೆಚ್ಚು ತಿಳಿದವಳೇ? ಅವಳು ಇನ್ನೊಂದು ಮಾತನ್ನೂ ಹೇಳಿದಳು: ಕಣ್ಣಿಗೆ ಹಾಕಿಕೊಳ್ಳುವ ಮಾಸ್ಕಿನ ಗಾಜಿಗೆ ಒಳಗಿನಿಂದ ಉಗುಳು ಸವರಿ ತೊಳೆಯಬೇಕಂತೆ, ಇಲ್ಲದಿದ್ದರೆ ಮಂಜು ಕವಿಯುತ್ತದಂತೆ. ಇದನ್ನು ಕೇಳಿ ನನಗೆ ಸಿಟ್ಟೇ ಬಂತು. ಮೈದಾನದಲ್ಲಿ ಉಗುಳಿದ ಮಕ್ಕಳನ್ನು ಇಪ್ಪತ್ತೆಂಟು ವರ್ಷ ಬಿಸಿಲಲ್ಲಿ ಸುತ್ತು ಹಾಕಿಸಿದವನು ನಾನು. ಯಾರೋ ಹುಡುಗಿಗೆ ತಮಾಷೆ ಮಾಡಿದ್ದಾರೆ, ಪಾಪ, ನಂಬಿಬಿಟ್ಟಿದ್ದಾಳೆ ಎಂದುಕೊಂಡೆ. ಹೀಗೆ ನನಗೆ ಬಂದ ಸಲಹೆಗಳಲ್ಲಿ ಸರಿಯಾದವು ಎರಡೇ ಎರಡು. ಆ ಎರಡನ್ನೂ ಆರಿಸಿ ಆರಿಸಿ ಹೊರಗೆ ಹಾಕಿದೆ.

ತಿಂಗಳಿಡೀ ಹಂಡೆಯಲ್ಲಿ ತಲೆ ಅದ್ದಿದವನಿಗೆ ಹೊರಡುವ ಹೊತ್ತಿಗೆ ಏನಾಗಬೇಕೋ ಅದೇ ಆಯಿತು. ಮೂಗು ಕಟ್ಟಿತು. ಸಾಹುಕಾರರು, "ಅದಕ್ಯಾಕ ಚಿಂತಿ? ಒಂದು ಗುಳಿಗಿ ನುಂಗ್ರಿ, ಮೂಗು ಬಿಚ್ಚತದ, ಇಳೀರಿ" ಎಂದು ಒಂದು ಪಟ್ಟಿ ಗುಳಿಗೆ ಕೊಟ್ಟರು. ಖಾಜಾಸಾಬ್, "ಕಿವ್ಯಾಗ ನೀರು ಹೋಗಬಾರ್ದು, ಹತ್ತಿಗೆ ಕೊಬ್ಬರಿ ಎಣ್ಣಿ ಹಚ್ಚಿ ಗಟ್ಟಿ ತುರಕ್ರಿ" ಎಂದ. ಶರಣಮ್ಮ ಮಾತ್ರ ಯಾವ ಸಲಹೆಯನ್ನೂ ಕೊಡದೆ ಹನ್ನೆರಡು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನನ್ನ ಜೊತೆ ತಾನೂ ಹೊರಟಳು. ಅವಳ ಮುಖದಲ್ಲಿ ಗೆಲುವಿನ ಶಾಂತಿಯಿತ್ತು.

ಮುರುಡೇಶ್ವರದಲ್ಲಿ ಮಗಳು ಬಿಸಿಲಿಗೆ ಕಪ್ಪಾಗಿ, ಕಣ್ಣಲ್ಲಿ ಹೊಳಪು ತುಂಬಿಕೊಂಡು ನಿಂತಿದ್ದಳು. ಆ ಹೊಳಪನ್ನು ಕಂಡಾಗಲೇ ನನಗೆ ನಿಜವಾದ ಹೆದರಿಕೆ ಶುರುವಾದದ್ದು. ನೀರಿನ ಹೆದರಿಕೆಯಲ್ಲ, ನನ್ನ ಕೈಲಾಗದಿದ್ದರೆ ಈ ಹೊಳಪು ಬಿ.ಎಡ್. ಕಾಲೇಜಿನ ಬೆಂಚಿನಲ್ಲಿ ಆರಿಹೋಗುತ್ತದಲ್ಲ ಎಂಬ ಹೆದರಿಕೆ. ನೀರಿಗಿಳಿಯುವ ಮೊದಲು ಒಂದು ಫಾರಂ ತುಂಬಬೇಕಿತ್ತು. ಮಗಳೇ ಓದುತ್ತ ಬರೆದುಕೊಂಡಳು. ಹೆಸರು, ವಯಸ್ಸು, ಬಿ.ಪಿ., ಎಲ್ಲ ಆಯಿತು. "ಈಜು ಬರ್ತದೋ ಇಲ್ಲೋ?" ಎಂದು ಓದಿದಳು. ನಾನು ಸಮುದ್ರದ ಕಡೆ ನೋಡಿದೆ. ಅವಳು ತಲೆಯೆತ್ತದೆ 'ಇಲ್ಲ' ಎಂಬಲ್ಲಿ ಗುರುತು ಹಾಕಿದಳು.

"ನಂಗ ಗೊತ್ತದ ಅಪ್ಪಾ. ಎಂಟು ಬ್ಯಾಸಿಗಿ ನಂಗ ಬಾವ್ಯಾಗ ಈಜು ಕಲಿಸಿದಿ. ಒಂದ್ ದಿನಾನೂ ನಿನ್ನ ಸಾಕ್ಸ್ ತೊಯ್ಲಿಲ್ಲ."

"ಊರಿಗೆಲ್ಲ ಗೊತ್ತದ" ಎಂದಳು ಶರಣಮ್ಮ.

"ಈಜು ಬರಬೇಕಂತಿಲ್ಲಪ್ಪ. ನಮ್ಮ ಗುರುಗಳು ನಿನ್ನ ಕೈ ಹಿಡಕೊಂಡಾ ಇರ್ತಾರ. ಹೇಳಿದ ಮಾತು ಕೇಳಬೇಕು, ಅಷ್ಟ."

"ಹಂಗಾರ ಮುಗೀತು ಬಿಡು" ಎಂದು ಶರಣಮ್ಮ ಚೀಲ ಎತ್ತಿಕೊಂಡಳು.

ಆ ದಿನ ನಿಜವಾಗಿಯೂ ಮುಗಿದೇಹೋಯಿತು. ಮಗಳ ಗುರುಗಳು ಕರಾವಳಿಯವರು, ದಪ್ಪ ಕನ್ನಡಕದ ಸಮಾಧಾನದ ಮನುಷ್ಯ. ನನ್ನ ಮೂಗಿನ ದನಿ ಕೇಳಿ, ಜೇಬಿನಿಂದ ಗುಳಿಗೆ ಹೊರತೆಗೆಸಿ, ಕಿವಿಯ ಹತ್ತಿಯನ್ನು ಎರಡು ಬೆರಳಿನಿಂದ ಎಳೆದು ನೋಡಿದರು. "ಮೇಷ್ಟ್ರೇ, ಗುಳಿಗೆ ಜೋರು ಇರುವಷ್ಟು ಹೊತ್ತು ಮೂಗು ಬಿಟ್ಟೀತು. ಕೆಳಗೆ ಹೋದಮೇಲೆ ಅದರ ಜೋರು ಇಳಿದರೆ ಕಿವಿ ಕಟ್ಟಿಕೊಳ್ತದೆ ಮಾರಾಯ್ರೆ. ಈ ಹತ್ತಿಯನ್ನು ನೀರು ಇನ್ನೂ ಒಳಗೆ ಒತ್ತುತ್ತದೆ. ಶೀತ ಹೋಗಲಿ, ಆಮೇಲೆ ನೋಡುವ" ಎಂದರು. ಶರಣಮ್ಮ ಬಸ್ಸಿನ ವೇಳೆ ವಿಚಾರಿಸಿದಳು. ಮಗಳು ಒದ್ದೆ ಮರಳಿನ ಮೇಲೆ ಕಾಲ್ಬೆರಳಿನಿಂದ ಗೆರೆ ಎಳೆಯುತ್ತ ನಿಂತಳು. ಚಿಕ್ಕವಳಿದ್ದಾಗ ಓಟದಲ್ಲಿ ಸೋತರೂ ಹೀಗೆಯೇ ನಿಲ್ಲುತ್ತಿದ್ದಳು. ನಾನು ಶರಣಮ್ಮನಿಗೆ, "ಷರತ್ತಿನಾಗ ತಾರೀಖು ಇದ್ದಿದ್ದಿಲ್ಲ. ಮೂಗು ಬಿಚ್ಚೂತನಕ ನಾ ಇಲ್ಲಿಂದ ಕದಲೂದಿಲ್ಲ" ಎಂದೆ. ಮದುವೆಯಾದ ಮೇಲೆ ಅವಳೆದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಇಬ್ಬರಿಗೂ ಗಾಬರಿಯಾಯಿತು.

ಶೀತ ಹೋಗಲು ಐದು ದಿನ ಹಿಡಿಯಿತು. ಆರನೆಯ ದಿನ ದೋಣಿ ಹತ್ತುವ ಮೊದಲು ಮಗಳು, "ಸ್ವಲ್ಪ ತಿನ್ನಪ್ಪ, ಹಗುರಾಗಿರು" ಎಂದಳು. ನಾನು ಸಾಹುಕಾರರನ್ನು ನೆನೆದು ಮರೆಯಲ್ಲಿ ಐದು ರೊಟ್ಟಿ ಇಳಿಸಿದೆ. ದೋಣಿ ನಾವು ಇಳಿಯಬೇಕಿದ್ದ ನಡುಗಡ್ಡೆಯ ಹತ್ತಿರ ಹೋಗುವಷ್ಟರಲ್ಲಿ ಸಾಹುಕಾರರ ಸಲಹೆಯನ್ನು ಚಟ್ನಿ ಸಮೇತ ಸಮುದ್ರಕ್ಕೆ ಹಿಂದಿರುಗಿಸಿದ್ದೆ. ಆದರೂ ಬುದ್ಧಿ ಬಂದಿರಲಿಲ್ಲ. ಸೊಂಟಕ್ಕೆ ಸೀಸ ಕಟ್ಟುವಾಗ, "ಇನ್ನೆರಡು ಇರಲಿ" ಎಂದೆ. ಗುರುಗಳು, "ನಿಮ್ಮನ್ನು ಮುಳುಗಿಸುವುದು ಕಷ್ಟ ಅಲ್ಲ ಮೇಷ್ಟ್ರೇ, ವಾಪಸ್ ತರುವುದಕ್ಕೆ ಅಲ್ವಾ ನಾವಿರುವುದು" ಎಂದರು. ಮಾಸ್ಕಿಗೆ ಉಗುಳಲು ಒಪ್ಪಲಿಲ್ಲ. ನೀರಿಗಿಳಿದು ಅರ್ಧ ನಿಮಿಷದಲ್ಲಿ ಗಾಜಿಗೆ ಮಂಜು ಕವಿದು, ಮಗಳೂ ಒಂದೇ, ದೋಣಿಯೂ ಒಂದೇ ಆಗಿ ಕಂಡಿತು. ಮೇಲೆ ತಲೆಯೆತ್ತಿ, ಸುತ್ತ ನಮ್ಮ ಶಾಲೆಯ ಮಕ್ಕಳು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಉಗುಳಿದೆ. ಗಾಜು ಕನ್ನಡಿಯಂತಾಯಿತು. ಎರಡರಲ್ಲಿ ಒಂದು ಮಾತು ನಿಜವಾದರೆ ಇನ್ನೊಂದು? ನನ್ನ ನಂಬಿಕೆ ಅಲುಗಾಡಿದ್ದು ಅಲ್ಲಿಯೇ.

ಗುರುಗಳು ನನ್ನ ತೋಳು ಹಿಡಿದು ಇಳಿಸಿದರು, ಮಗಳು ಎದುರಿಗೆ ಇಳಿದಳು. ಒಂದಾಳು ಆಳ ಹೋಗುವಷ್ಟರಲ್ಲಿ ನನ್ನ ದೇಹ ಮಗಳ ಮಾತನ್ನೂ ಮರೆತು, ಗುರುಗಳ ಮಾತನ್ನೂ ಮರೆತು, ಹುಲಿಗೆಪ್ಪ ಮಾವನಿಗೆ ಶರಣಾಯಿತು. ಗಾಳಿ ಎಳೆದುಕೊಂಡವನೇ ದಮ್ಮು ಹಿಡಿದೆ. ಹನ್ನೊಂದು, ಹನ್ನೆರಡು, ಹದಿಮೂರು. ಗುರುಗಳು ನನ್ನನ್ನು ಅಲ್ಲೇ ನಿಲ್ಲಿಸಿ, ಉಸಿರು ಬಿಡಿ ಬಿಡಿ ಎಂದು ಕೈಸನ್ನೆ ಮಾಡಿದರು. ನಾನು ಬಿಡಲಿಲ್ಲ. ಎದೆ ಬಿಗಿಯಿತು, ಕಿವಿಯಲ್ಲಿ ಡೋಲು ಶುರುವಾಯಿತು, ಖಾಜಾಸಾಬನ ನಾನ್ ಸ್ಟಾಪ್ ಬಸ್ಸು ನೆನಪಾಗಿ ಕಾಲು ತಾನಾಗಿ ಒದೆಯತೊಡಗಿತು. ಗುರುಗಳ ಹಿಡಿತ ಬಿಗಿಯಾಯಿತು. ಇನ್ನೇನು, ಅವರು ನನ್ನನ್ನು ಮೇಲೆ ಕರೆದೊಯ್ದುಬಿಡುತ್ತಾರೆ, ದೋಣಿಯಲ್ಲಿ ಕುಳಿತ ಶರಣಮ್ಮ ಗೆದ್ದುಬಿಡುತ್ತಾಳೆ.

ಆಗ ಮಗಳು ನನ್ನ ಕಣ್ಣೆದುರು ಬಂದು ನೆಟ್ಟಗೆ ನಿಂತಳು. ಎರಡೂ ತೋಳುಗಳನ್ನು ಪಕ್ಕದಿಂದ ನಿಧಾನವಾಗಿ ಮೇಲಕ್ಕೆತ್ತಿದಳು. ನಿಧಾನವಾಗಿ ಕೆಳಗಿಳಿಸಿದಳು. ಮತ್ತೆ ಮೇಲೆ. ಮತ್ತೆ ಕೆಳಗೆ. ನಾನು ಬೆರಗಾಗಿ ನೋಡಿದೆ. ಅದು ನನ್ನ ಕವಾಯತು! ಇಪ್ಪತ್ತೆಂಟು ವರ್ಷ, ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ, ಐನೂರು ಮಕ್ಕಳೆದುರು ಕಟ್ಟೆಯ ಮೇಲೆ ನಿಂತು ನಾನು ಮಾಡಿಸುತ್ತಿದ್ದ ಉಸಿರಾಟದ ಕವಾಯತು. ಕೈ ಮೇಲೆ, ಉಸಿರು ಒಳಗೆ. ಕೈ ಕೆಳಗೆ, ಉಸಿರು ಹೊರಗೆ. ನನ್ನ ಶಾಲೆಯಲ್ಲೇ ಓದಿದ ಅವಳು ಎರಡನೆಯ ಸಾಲಿನಲ್ಲಿ ನಿಂತು ಅದನ್ನು ಎಷ್ಟು ಸಾವಿರ ಸಲ ಮಾಡಿದ್ದಾಳೋ. ಮಾವನ ದಮ್ಮು ಒಂದು ತಿಂಗಳ ಪಾಠ, ಇದು ಮೈಗೆ ಹತ್ತಿದ್ದು. ಅವಳ ಕೈ ಕೆಳಗಿಳಿದ ಕೂಡಲೇ ನನ್ನ ಬಾಯಿಂದ ಗುಳುಗುಳು ಎಂದು ಗುಳ್ಳೆಗಳ ಗೊಂಚಲು ಹೊರಬಿತ್ತು. ಕೈ ಮೇಲೆ ಹೋಯಿತು, ಗಾಳಿ ತಾನಾಗಿ ಒಳಗೆ ಬಂತು. ಡೋಲು ನಿಂತಿತು.

ಆಮೇಲೆ ನಾನು ಕಂಡದ್ದನ್ನು ಏನೆಂದು ಹೇಳಲಿ. ನೀಲಿ ಬೆಳಕು ಇಳಿದು ಬರುತ್ತಿತ್ತು. ಹಳದಿ ಪಟ್ಟೆಯ ಮೀನುಗಳ ಹಿಂಡೊಂದು, ಪ್ರಾರ್ಥನೆಗೆ ತಡವಾದ ಮಕ್ಕಳ ಹಾಗೆ ಸಾಲು ತಪ್ಪಿ ನುಗ್ಗಿ ಹೋಯಿತು. ಸಾಲು ಸರಿಮಾಡಿಸಬೇಕೆಂದು ಕೈಯೆತ್ತಿ, ಇಳಿಸಿದೆ. ಮಗಳು ಒಂದು ಬಂಡೆಯ ಸಂದಿಯನ್ನು ತೋರಿಸಿದಳು. ಅಲ್ಲೊಂದು ಮುದಿ ಮೀನು ಸಾಹುಕಾರರ ಗತ್ತಿನಲ್ಲಿ ಕುಳಿತಿತ್ತು. ನನ್ನ ಮಗಳು ಇಲ್ಲಿ ತನ್ನ ಮನೆಯ ಅಂಗಳದಲ್ಲಿ ಓಡಾಡುವಂತೆ ಓಡಾಡುತ್ತಾಳೆ, ಇವಳನ್ನು ಎಳೆದೊಯ್ದು ಎಲ್ಲಿ ಕೂರಿಸಲಿ ಎನಿಸಿ ಕಣ್ಣು ತುಂಬಿತು. ಮಾಸ್ಕಿನೊಳಗೆ ಅತ್ತರೆ ಒರೆಸಿಕೊಳ್ಳಲಾಗುವುದಿಲ್ಲ. ಇದನ್ನು ಮಾತ್ರ ಯಾರೂ ಮೊದಲೇ ಹೇಳಿರಲಿಲ್ಲ.

ಮೇಲೆ ಬರುವಾಗ ನಾನ್ ಸ್ಟಾಪ್ ಇಲ್ಲ. ಆರ್ಡಿನರಿ ಬಸ್ಸಿನಂತೆ ನಿಧಾನವಾಗಿ, ನಿಂತು ನಿಂತು ಬಂದೆವು. ದೋಣಿ ಹತ್ತಿದ ಮೇಲೆ ಮಗಳು ಕಾರಣ ಬಿಡಿಸಿ ಹೇಳಿದಳು. ಮಾವ ದಂಡೆಯ ಮೇಲೆ ಎಳೆದುಕೊಂಡ ಉಸಿರಿನಲ್ಲೇ ಮುಳುಗಿ ಏಳುತ್ತಾನೆ, ಅದು ಹೋದಷ್ಟೇ ಮೇಲೆ ಬರುತ್ತದೆ. ಆಳದಲ್ಲಿ ಸಿಲಿಂಡರಿನಿಂದ ಎಳೆದ ಗಾಳಿ ಹಾಗಲ್ಲ. ಮೇಲೆ ಬಂದಂತೆಲ್ಲ ಹಿಗ್ಗುತ್ತದೆ, ದಮ್ಮು ಹಿಡಿದರೆ ಎದೆಗೂಡಿಗೇ ಕುತ್ತು. ಅಂದರೆ ಮಾವನ ಮಾತು ಸುಳ್ಳಲ್ಲ, ಅದು ಬಾವಿಯ ಮಾತು. "ನಾನೂ ಮೊದಲ ವಾರ ದಮ್ಮು ಹಿಡದು ಬೈಸ್ಕೊಂಡೀನಿ ಅಪ್ಪಾ. ಮೆಟ್ಲ ಮ್ಯಾಲಿಂದ ನೀ ಒದರಿದ್ದು ಕಿವ್ಯಾಗ ಕುಂತಿತ್ತು" ಎಂದಳು. ನಾನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಬಹಳ ಹೊತ್ತು ಒರೆಸಿದೆ. ಕೆಟ್ಟ ಸಲಹೆ ಕೊಟ್ಟವರ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಯಾರ ಹೆಸರು ಬರೆಯಬೇಕೆಂದು ತಿಳಿಯಿತು.

ಶರಣಮ್ಮ ನನ್ನ ಕೈಕಾಲು ಮುಟ್ಟಿ ನೋಡಿದಳು. ಹೋದಂತೆಯೇ ಬಂದಿದ್ದೆ. ಆಮೇಲೆ ಗುರುಗಳನ್ನು ಕೇಳಿದಳು, "ಖರೇ ಹೇಳ್ರಿ, ಇವ್ರು ಆಕಿ ಹೇಳಿದಂಗ ಕೇಳಿದ್ರೇನ್ರಿ?" ಗುರುಗಳು, "ಮೊದಲು ಇಲ್ಲ. ನಾನು ಹೇಳಿದ್ದಂತೂ ಕೇಳಲೇ ಇಲ್ಲ ಅಮ್ಮ. ಮಗಳು ಹೇಳಿದ್ದು ಕೇಳಿದ್ರು" ಎಂದರು. ಶರಣಮ್ಮ ಮಗಳ ಒದ್ದೆ ತಲೆಯನ್ನು ತನ್ನ ಸೆರಗಿನಿಂದ ಒರೆಸುತ್ತ ಹೇಳಿದಳು: "ಇಪ್ಪತ್ತಾರು ವರ್ಷ ಆತು, ನಾ ಹೇಳಿದ್ದು ಒಂದೂ ಕೇಳದ ಮನಷ್ಯಾರು. ಇವ್ರಿಗೆ ಮಾತು ಕೇಳಿಸಿದಿ ಅಂದ್ರ ನೀ ಯಾರಿಗಾದ್ರೂ ಕಲಸ್ತಿ. ಬಿ.ಎಡ್. ಬ್ಯಾಡ ಬಿಡು." ಮಗಳು ತಾಯಿಯ ಮಡಿಲಲ್ಲಿ ಮುಖವಿಟ್ಟಳು. ನನ್ನ ಮೂರ್ಖತನದಿಂದ ಯಾರಿಗಾದರೂ ಒಳ್ಳೆಯದಾಗಿದ್ದರೆ ಅದು ಆ ದಿನ.

ಊರಿಗೆ ಬಂದ ಮೇಲೆ ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಕಾಯಂ ಆಯಿತು. ರೊಟ್ಟಿಯಿಂದಲೇ ಮುಳುಗಿದಿರಿ ಎಂದು ಸಾಹುಕಾರರು, ತಾನು ಹೇಳಿದ್ದರಿಂದಲೇ ಮೇಲೆ ಬಂದಿರಿ ಎಂದು ಖಾಜಾಸಾಬ್ ಶ್ರೇಯಸ್ಸನ್ನು ಹಂಚಿಕೊಂಡರು. ಮಾವನಿಗೆ ನಾನು ಏನನ್ನೂ ಹೇಳಲಿಲ್ಲ. ಈ ಬೇಸಿಗೆಯಲ್ಲಿ ಬೂಟು ಬಿಚ್ಚಿಟ್ಟು, ಬೆನ್ನಿಗೆ ಎಣ್ಣೆ ಡಬ್ಬಿ ಕಟ್ಟಿಕೊಂಡು ಅವನ ಬಾವಿಗಿಳಿದೆ. ಅಷ್ಟಕ್ಕೇ ಅವನು ಸಂತೋಷಪಟ್ಟ. ನಿನ್ನೆ ಸಂಜೆ ಶರಣಮ್ಮ ಇದ್ದಕ್ಕಿದ್ದಂತೆ, "ದೀಪಾವಳಿ ಸೂಟ್ಯಾಗ ಮಗಳ ಹಂತ್ಯಾಕ ಹೋದ್ರ ನಾನೂ ಒಮ್ಮೆ ಇಳಿಬೇಕಂತೀನಿ" ಎಂದಳು. ನನಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ಕುರ್ಚಿ ಹತ್ತಿರ ಎಳೆದುಕೊಂಡೆ. ಗಂಟಲು ಸರಿಮಾಡಿಕೊಂಡೆ. "ಹಂಗಾರ ನೋಡು, ಮೊದಲನೇದು ಏನಪ್ಪಾ ಅಂದ್ರ..." ಎಂದು ಶುರು ಮಾಡಿದೆ. ಅವಳು ಎದ್ದು ಒಳಗೆ ಹೋಗಿ ಏನನ್ನೋ ಹುಡುಕತೊಡಗಿದಳು.

"ಏನ್ ಹುಡುಕಾಕತ್ತಿ?"

"ಆ ಕಿವ್ಯಾಗಿನ ಹತ್ತಿ ಎಲ್ಲಿಟ್ಟೀರಿ?"

"ಏ, ನೀರಿಗಿಳಿಯೂವಾಗ ಹತ್ತಿ ಇಡಬಾರ್ದು! ಗುರುಗಳು ಹೇಳಿದ್ದು ಮರ್ತಿ?"

"ನೀರಿಗಲ್ರಿ" ಎಂದಳು ಒಳಗಿನಿಂದ. "ನೀವು ಹೇಳಿ ಮುಗಸೂತನಕ."